ಓಟಿಗೊಂದು ಸೆಕೆಂಡ್!

ಕಾಗದ, ಪೆನ್ನು ತೆಗೆದುಕೊಂಡು ಒಂದು ಲೆಕ್ಕ ಮಾಡಿ. 2023ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ಹಿಂತೆಗೆದುಕೊಳ್ಳಲು ಕೊನೆಯ ದಿನ ಏಪ್ರಿಲ್ 24. ಬಹಿರಂಗ ಪ್ರಚಾರಕ್ಕೆ ತೆರೆ ಬಿದ್ದದ್ದು ಮೇ 8ರ ಸಂಜೆ. ನಡುವೆ ಹದಿನಾಲ್ಕು ದಿನ. ಅಭ್ಯರ್ಥಿಯೊಬ್ಬರು ತಿಂಡಿ, ಊಟ, ಕಾಫಿ ಎಲ್ಲವನ್ನೂ ನಡೆದಾಡುತ್ತಲೇ ಮುಗಿಸಿ, ಕೂರದೆ ನಿಲ್ಲದೆ ದಿನಕ್ಕೆ ಹನ್ನೆರಡು ಗಂಟೆ ಮನೆಮನೆಯ ಮೆಟ್ಟಿಲು ಹತ್ತಿಳಿದರು ಅನ್ನಿ. ಅವರ ಕೈಗೆ ಸಿಗುವುದು 168 ಗಂಟೆ. ಸೆಕೆಂಡಿಗೆ ಇಳಿಸಿದರೆ 6,04,800. ಈಗ ನಮ್ಮ ಅಂಜನಾಪುರ ಬಡಾವಣೆ ಸೇರಿರುವ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿ ತೆಗೆದು ನೋಡಿ. ಆ ಚುನಾವಣೆಯ ಹೊತ್ತಿಗೆ ಅದರಲ್ಲಿದ್ದ ಹೆಸರುಗಳು ಆರು ಲಕ್ಷ ದಾಟಿದ್ದವು!

ಅಂದರೆ ಓಟಿಗೊಂದು ಸೆಕೆಂಡ್. ಅದೂ ಪೂರ್ತಿ ಸಿಗುವುದು ಕಷ್ಟ. "ನಮಸ್ಕಾರ ಅಮ್ಮಾ" ಎಂದು ಕೈ ಜೋಡಿಸುವಷ್ಟರಲ್ಲಿ ಮೂರು ಮತದಾರರು ದಾಟಿಹೋಗಿರುತ್ತಾರೆ. ಅಮ್ಮ ಒಳಗಿಂದ ಬಂದು ಬಾಗಿಲು ತೆಗೆದು "ನಮ್ಮ ರಸ್ತೆ ಡಾಂಬರು ಕಂಡು ಎಷ್ಟು ವರ್ಷವಾಯಿತು ಗೊತ್ತೇನಪ್ಪ" ಎಂದು ಕೇಳಿಬಿಟ್ಟರಂತೂ ಮುಂದಿನ ಎರಡು ಬೀದಿಯ ಪಾಲು ಅಲ್ಲೇ ಖರ್ಚು.

ಕರ್ನಾಟಕದ 224 ಕ್ಷೇತ್ರಗಳಿಗೂ ಒಂದೊಂದು ನಂಬರ್ ಇದೆ. ವಾಯವ್ಯದ ತುದಿಯಲ್ಲಿ ನಿಪ್ಪಾಣಿ 1, ತೆಂಕಣದ ತುದಿಯಲ್ಲಿ ಗುಂಡ್ಲುಪೇಟೆ 224. ನಮ್ಮ ಬೆಂಗಳೂರು ದಕ್ಷಿಣದ್ದು 176. ರಾಜ್ಯದಲ್ಲಿ ಅತಿ ಹೆಚ್ಚು ಮತದಾರರಿರುವ ಕ್ಷೇತ್ರ ಇದೇ. ಅತಿ ಕಡಿಮೆ ಇರುವುದು ಮಲೆನಾಡಿನ ಶೃಂಗೇರಿಯಲ್ಲಿ, ಒಂದೂಮುಕ್ಕಾಲು ಲಕ್ಷಕ್ಕಿಂತ ಕೆಳಗೆ. ಶೃಂಗೇರಿಯ ಶಾಸಕರೂ ಒಬ್ಬರೇ, ನಮ್ಮ ಶಾಸಕರೂ ಒಬ್ಬರೇ. ವಿಶ್ವಾಸಮತ ಯಾಚನೆಯ ದಿನ ಸದನದಲ್ಲಿ ತಲೆ ಎಣಿಸುವಾಗ ಇಬ್ಬರದ್ದೂ ಒಂದೊಂದೇ ತಲೆ. ಹಾಗಾದರೆ ತುಂಗೆಯ ದಡದ ಅಡಿಕೆ ತೋಟದವರ ಒಂದು ಬೆರಳು, ಅಂಜನಾಪುರದ ಮೂರೂವರೆ ಬೆರಳುಗಳಿಗಿಂತ ಭಾರ! ಎಲ್ಲರಿಗೂ ಹಚ್ಚುವುದು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯ ಅದೇ ಶಾಯಿ. ತೂಕ ಮಾತ್ರ ಬೇರೆ ಬೇರೆ.

ದುಡ್ಡಿನ ಕಡೆಯಿಂದಲೂ ನೋಡಿಬಿಡೋಣ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ ಇದೆಯಲ್ಲ, ಕ್ಷೇತ್ರ ದೊಡ್ಡದಿರಲಿ ಚಿಕ್ಕದಿರಲಿ ಮೊತ್ತ ಅಷ್ಟೇ. ಆರು ಲಕ್ಷ ಜನಕ್ಕೆ ಹಂಚಿದರೆ ತಲೆಗೆ ಸುಮಾರು 33 ರೂಪಾಯಿ. ಶೃಂಗೇರಿಯಲ್ಲಿ ಹಂಚಿದರೆ ಹತ್ತಿರ ಹತ್ತಿರ 120. ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಕಾನೂನು ಪ್ರಕಾರ ಖರ್ಚು ಮಾಡಬಹುದಾದದ್ದು 40 ಲಕ್ಷ. ಇಲ್ಲಿ ತಲೆಗೆ 7 ರೂಪಾಯಿಯೂ ಬೀಳುವುದಿಲ್ಲ, ಜೆ.ಪಿ. ನಗರದ ಯಾವ ದರ್ಶಿನಿಯಲ್ಲೂ ಈ ದುಡ್ಡಿಗೆ ಅರ್ಧ ಲೋಟ ಕಾಫಿ ಹುಟ್ಟದು. (ಕಾನೂನು ಪ್ರಕಾರ ಎಂಬ ಮಾತನ್ನು ಇಲ್ಲಿ ಮತ್ತೊಮ್ಮೆ ಓದಿಕೊಳ್ಳಿ.)

ನಮ್ಮ ಕ್ಷೇತ್ರ ಇಷ್ಟು ದೊಡ್ಡದು ಹೇಗಾಯಿತು? ಇದರ ಬೇರು ಹುಡುಕುತ್ತಾ ಹೋದರೆ ಒಂದೇ ಇಸವಿಯಲ್ಲಿ ಎರಡು ಕಡತಗಳು ಸಿಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ.

1976. ಆ ವರ್ಷದ ಜನವರಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ನಮ್ಮ ಬಾಯಲ್ಲಿ ಬಿಡಿಎ, ಹುಟ್ಟಿತು. ಹಳ್ಳಿಗಳ ಹೊಲ ಗದ್ದೆ ಸ್ವಾಧೀನ ಮಾಡಿಕೊಂಡು, ರಸ್ತೆ ಎಳೆದು, ಕಲ್ಲು ನೆಟ್ಟು, ಮೂವತ್ತು-ನಲವತ್ತು ಅಡಿಯ ಸೈಟು ಮಾಡಿ ಹಂಚುವುದು ಅದರ ಕೆಲಸ. ಊರನ್ನು ಹಿಗ್ಗಿಸಲೆಂದೇ ಮಾಡಿದ ಸಂಸ್ಥೆ. ಅದೇ 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ದೆಹಲಿಯಲ್ಲಿ ಸಂವಿಧಾನದ 42ನೇ ತಿದ್ದುಪಡಿಯಾಯಿತು. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ಅನ್ಯಾಯವಾಗಬಾರದೆಂಬ ಕಾರಣ ಕೊಟ್ಟು, 1971ರ ಜನಗಣತಿಯ ಮೇಲೆ ಹಂಚಿದ ಸ್ಥಾನಗಳನ್ನು 2001ರ ಜನಗಣತಿಯವರೆಗೆ ಮುಟ್ಟಬಾರದು ಎಂದು ಬೀಗ ಜಡಿದರು. ಒಂದು ಕಾಗದ ಊರಿಗೆ ಬೆಳೆ ಎಂದಿತು, ಇನ್ನೊಂದು ಕಾಗದ ಗೆರೆಗೆ ಅಲುಗಬೇಡ ಎಂದಿತು. ಒಂದೇ ವರ್ಷ! ವಿಧಾನಸೌಧದಲ್ಲಾಗಲಿ ಸಂಸತ್ತಿನಲ್ಲಾಗಲಿ ಯಾರಾದರೂ ಈ ಎರಡನ್ನೂ ಒಟ್ಟಿಗೆ ಓದಿದ್ದರೆ, ಆಗಲೇ ತಲೆ ಕೆರೆದುಕೊಳ್ಳಬೇಕಿತ್ತು.

1971ರಲ್ಲಿ ಬೆಂಗಳೂರಿನ ಜನ ಹದಿನಾರು ಹದಿನೇಳು ಲಕ್ಷ. 2001ಕ್ಕೆ 57 ಲಕ್ಷ. ನಡುವಿನ ಮೂವತ್ತು ವರ್ಷದಲ್ಲಿ ಬಂದವರೆಲ್ಲ ಎಲ್ಲಿ ಮನೆ ಕಟ್ಟಿದರು? ಚಿಕ್ಕಪೇಟೆಯಲ್ಲಲ್ಲ, ಬಸವನಗುಡಿಯಲ್ಲಲ್ಲ, ಅಲ್ಲಿ ಜಾಗವೇ ಇರಲಿಲ್ಲ. ಅಂಚಿಗೆ ಬಂದರು. ತೆಂಕಣ ಅಂಚಿನಲ್ಲಿ ಅವರನ್ನೆಲ್ಲ ನುಂಗಲು ಬಾಯ್ತೆರೆದು ಕೂತಿದ್ದ ಕ್ಷೇತ್ರದ ಹೆಸರು ಉತ್ತರಹಳ್ಳಿ.

ಉತ್ತರಹಳ್ಳಿ! ಐವತ್ತು ದಾಟಿದ ಬೆಂಗಳೂರಿಗರಿಗೆ ಈ ಹೆಸರು ಕೇಳಿದೊಡನೆ ಜೊತೆಗೇ ಒಂದು ಬಿರುದು ನಾಲಿಗೆಗೆ ಬರುತ್ತದೆ, "ಏಷ್ಯಾದಲ್ಲೇ ಅತಿ ದೊಡ್ಡ ವಿಧಾನಸಭಾ ಕ್ಷೇತ್ರ" ಎಂದು. ಏಷ್ಯಾವನ್ನು ಟೇಪು ಹಿಡಿದು ಅಳೆದವರು ಯಾರೋ. ನಮ್ಮಲ್ಲಿ ಯಾವುದು ಸ್ವಲ್ಪ ದೊಡ್ಡದಿದ್ದರೂ ಏಷ್ಯಾದಲ್ಲೇ ದೊಡ್ಡದು. ಆದರೆ ಈ ಬಿರುದು ಬರಿಯ ಜಂಬವಾಗಿರಲಿಲ್ಲ. ಕೆಂಪು ಮಣ್ಣಿನ ಹಳ್ಳಿಗಳು, ಬಿಡಿಎ ಬಡಾವಣೆಗಳು, ಸಹಕಾರ ಸಂಘಗಳ ಬಡಾವಣೆಗಳು, ಕಂದಾಯ ನಿವೇಶನಗಳು, ಸಾಫ್ಟ್‌ವೇರ್ ಬಂದ ಮೇಲೆ ಎದ್ದ ಅಪಾರ್ಟ್‌ಮೆಂಟುಗಳು, ಎಲ್ಲವೂ ಒಬ್ಬ ಶಾಸಕರ ಪಾಲಿಗೆ ಬಂದವು. 1978ರಲ್ಲಿ ಹೊಸ ಗೆರೆಗಳ ಮೇಲೆ ಮೊದಲ ಚುನಾವಣೆ ನಡೆದಾಗ ಅಂಚಿನ ಕ್ಷೇತ್ರವಾಗಿದ್ದದ್ದು, 2004ರಲ್ಲಿ ಅದೇ ಗೆರೆಗಳ ಮೇಲೆ ಕೊನೆಯ ಚುನಾವಣೆ ನಡೆಯುವ ಹೊತ್ತಿಗೆ ಒಂದು ಜಿಲ್ಲೆಯಷ್ಟು ಉಬ್ಬಿತ್ತು. 90ರ ದಶಕದ ಕೊನೆಗೆ ಉಪಚುನಾವಣೆಯಲ್ಲಿ ಇಲ್ಲಿಂದ ಮೊದಲ ಬಾರಿ ಗೆದ್ದ ಆರ್. ಅಶೋಕ, 1999 ಮತ್ತು 2004ರಲ್ಲೂ ಗೆದ್ದರು. ಈ ಕ್ಷೇತ್ರವನ್ನು ಒಬ್ಬ ಮನುಷ್ಯ ಕಾಲ್ನಡಿಗೆಯಲ್ಲಿ ಪೂರ್ತಿ ಸುತ್ತಿದ್ದರೆ, ಅಷ್ಟರಲ್ಲಿ ಮುಂದಿನ ಚುನಾವಣೆಯೇ ಘೋಷಣೆಯಾಗುತ್ತಿತ್ತು.

ಇನ್ನು ಅದೇ 2004, ಅದೇ ವಿಧಾನಸಭಾ ಚುನಾವಣೆ, ಅದೇ ರಾಜ್ಯ. ಕಣ್ಣನ್ನು ಚಾಮರಾಜನಗರ ಜಿಲ್ಲೆಯತ್ತ ಹೊರಳಿಸಿ. ಸಂತೇಮರಹಳ್ಳಿ ಎಂಬ ಮೀಸಲು ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣರಿಗೆ 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದು! ಒಂದೇ ಒಂದು ಮತ! ಕೃಷ್ಣಮೂರ್ತಿಯವರ ಕಾರಿನ ಚಾಲಕನೇ ಅಂದು ಓಟು ಹಾಕಲು ಹೋಗಿರಲಿಲ್ಲವಂತೆ ಎಂಬ ಮಾತನ್ನು ಆ ಕಡೆಯವರು ಇವತ್ತಿಗೂ ಹೇಳುತ್ತಾರೆ. ಆಮೇಲೆ ಆ ಸೋಲನ್ನು ಹೊತ್ತು ಹತ್ತೊಂಬತ್ತು ವರ್ಷ ನಡೆದ ಕೃಷ್ಣಮೂರ್ತಿ, 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದರು, ಈ ಸಲ ಕಾಂಗ್ರೆಸ್ಸಿನಿಂದ, ಐವತ್ತು ಸಾವಿರಕ್ಕೂ ಮೀರಿದ ಅಂತರದಲ್ಲಿ! ಧ್ರುವನಾರಾಯಣ ಅದಕ್ಕೆ ಎರಡು ತಿಂಗಳ ಮೊದಲಷ್ಟೇ ತೀರಿಕೊಂಡಿದ್ದರು.

ಒಂದು ಕಡೆ ಲಕ್ಷಗಟ್ಟಲೆ ಓಟಿನ ರಾಶಿ, ಇನ್ನೊಂದು ಕಡೆ ಒಂದು ಓಟು. ಎರಡೂ ಅದೇ ವರ್ಷದವು. ಎರಡೂ ಕ್ಷೇತ್ರಗಳಿಗೆ ಅದೇ ಕೊನೆಯ ವಿಧಾನಸಭಾ ಚುನಾವಣೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಮರುವಿಂಗಡಣಾ ಆಯೋಗ 2002ರಲ್ಲಿ ಕೆಲಸ ಶುರು ಮಾಡಿ, 2001ರ ಜನಗಣತಿಯನ್ನು ಮುಂದಿಟ್ಟುಕೊಂಡು ಗೆರೆಗಳನ್ನು ಅಳಿಸಿ ಬರೆದಾಗ, ಉತ್ತರಹಳ್ಳಿಯೂ ಹೋಯಿತು, ಸಂತೇಮರಹಳ್ಳಿಯೂ ಹೋಯಿತು. ದೊಡ್ಡದು ದೊಡ್ಡದೆಂದು ಹೋಯಿತು, ಚಿಕ್ಕದು ಚಿಕ್ಕದೆಂದು ಹೋಯಿತು!

ಹಾಗೆ ಅಳಿಸಿಹೋದ ಕ್ಷೇತ್ರಗಳ ಪಟ್ಟಿ ಓದುತ್ತಾ ಹೋದರೆ ಹೊಟ್ಟೆಯಲ್ಲೇನೋ ಆಗುತ್ತದೆ. ಬಿನ್ನಿಪೇಟೆ ಇಲ್ಲ. ಜಯಮಹಲ್ ಇಲ್ಲ. ಭಾರತಿನಗರ, ವರ್ತೂರು ಇಲ್ಲ. ಕರಾವಳಿಯ ಬ್ರಹ್ಮಾವರ ಇಲ್ಲ, ವಿಟ್ಲ ಇಲ್ಲ. ಕೊಡಗಿಗೆ ಮೂರಿದ್ದದ್ದು ಎರಡಾಯಿತು, ಸೋಮವಾರಪೇಟೆ ಹೋಯಿತು. ಚಿಕ್ಕಮಗಳೂರಿನ ಬೀರೂರು ಹೋಯಿತು. ಮಂಡ್ಯದ ಕಿರುಗಾವಲು, ಮೈಸೂರಿನ ಬನ್ನೂರು ಹೋದವು. ಕನಕಪುರದ ಪಕ್ಕದ ಸಾತನೂರು ಕೂಡ. ಈ ಸಾತನೂರಿನ ಕಥೆಯೇ ಬೇರೆ: 1985ರಲ್ಲಿ ಅಲ್ಲಿ ಎಚ್.ಡಿ. ದೇವೇಗೌಡರ ಎದುರು ನಿಂತು ಸೋತ ಹುಡುಗ ಡಿ.ಕೆ. ಶಿವಕುಮಾರ್, 1989ರಿಂದ 2004ರವರೆಗೆ ನಾಲ್ಕು ಸಲ ಅಲ್ಲೇ ಗೆದ್ದರು. ಗೆರೆ ಅಳಿಸಿದಾಗ ಕನಕಪುರಕ್ಕೆ ಬಂದರು. ನಾಯಕರು ಊರು ಬಿಟ್ಟು ಬರುವುದನ್ನು ನೋಡಿದ್ದೇವೆ, ಇಲ್ಲಿ ಕ್ಷೇತ್ರವೇ ನಾಯಕರನ್ನು ಬಿಟ್ಟುಹೋಯಿತು.

ಒಟ್ಟು ಸ್ಥಾನ 224 ಹಾಗೆಯೇ ಉಳಿಯಬೇಕು. ಹಾಗಾಗಿ ಹಳ್ಳಿಗಾಡಿನಲ್ಲಿ ಕಳೆದದ್ದು ರಾಜಧಾನಿಯಲ್ಲಿ ಕೂಡಿತು. ಬೆಂಗಳೂರಿಗೆ 16 ಇದ್ದದ್ದು ಒಂದೇಟಿಗೆ 28! 2008ರ ಫೆಬ್ರುವರಿಯಲ್ಲಿ ಆದೇಶ ಜಾರಿಯಾಯಿತು, ಮೇ ತಿಂಗಳಲ್ಲೇ ಚುನಾವಣೆ. ಇಡೀ ದೇಶದಲ್ಲಿ ಹೊಸ ಗೆರೆಗಳ ಮೇಲೆ ಮೊದಲು ಓಟು ಹಾಕಿದ ರಾಜ್ಯ ಕರ್ನಾಟಕ, ಮೊದಲ ಹಂತದಲ್ಲೇ, ಮೇ 10ರಂದು, ಓಟು ಹಾಕಿದ ಊರು ಬೆಂಗಳೂರು. ದಕ್ಷಿಣ ಭಾರತದಲ್ಲಿ ಬಿಜೆಪಿಯ ಮೊದಲ ಸರ್ಕಾರ ಬಂದದ್ದು ಆ ಫಲಿತಾಂಶದಿಂದಲೇ. ಉತ್ತರಹಳ್ಳಿಯನ್ನು ಕೊಯ್ದ ಹೋಳುಗಳು ಪದ್ಮನಾಭನಗರ, ಬೊಮ್ಮನಹಳ್ಳಿ, ಬೆಂಗಳೂರು ದಕ್ಷಿಣ ಮುಂತಾದ ಕ್ಷೇತ್ರಗಳಿಗೆ ಹೋದವು. ಅಶೋಕ ಪದ್ಮನಾಭನಗರ ಆರಿಸಿಕೊಂಡರು. ಬೆಂಗಳೂರು ದಕ್ಷಿಣದಲ್ಲಿ ಬಿಜೆಪಿಯ ಎಂ. ಕೃಷ್ಣಪ್ಪ ಗೆದ್ದರು. 2008, 2013, 2018, 2023: ನಾಲ್ಕು ಚುನಾವಣೆ, ನಾಲ್ಕೂ ಅವರೇ. ಈ ಕ್ಷೇತ್ರ ಹುಟ್ಟಿದಾಗಿನಿಂದ ಬೇರೆ ಶಾಸಕರ ಮುಖ ನೋಡಿಲ್ಲ.

ಈಗ ಅಂಜನಾಪುರಕ್ಕೆ ಬರೋಣ, ಏಕೆಂದರೆ ಇಡೀ ಒಗಟಿನ ಕೀಲಿ ಇರುವುದು ಇಲ್ಲಿ. ಆಯೋಗ ಗೆರೆ ಎಳೆದದ್ದು ಯಾವ ಲೆಕ್ಕದ ಮೇಲೆ? 2001ರ ಜನಗಣತಿಯ ಮೇಲೆ. 2001ರಲ್ಲಿ ಅಂಜನಾಪುರದಲ್ಲಿ ಎಣಿಸಲು ಏನಿತ್ತು? ಆವಲಹಳ್ಳಿ, ಆಲಹಳ್ಳಿ, ಕೆಂಬತ್ತಹಳ್ಳಿಗಳ ಸುತ್ತ ಹೊಲ, ತೋಪು, ಕೆರೆ ಅಂಗಳ. ಬಿಡಿಎ ಬಡಾವಣೆ ಆಗಷ್ಟೇ ರೂಪ ಪಡೆಯುತ್ತಿದ್ದ ಕಾಲ. ಸೈಟಿನ ಮೂಲೆಗೆ ನೆಟ್ಟ ಕಲ್ಲಿಗೆ ಜನಗಣತಿಯಲ್ಲಿ ಕಾಲಂ ಇಲ್ಲ! ಮುಂದೆ ಅಲ್ಲಿ ಎಷ್ಟು ಸಾವಿರ ಮನೆ ಏಳಲಿವೆ ಎಂದು ಬಿಡಿಎ ನಕ್ಷೆಗೆ ಗೊತ್ತಿತ್ತು, ಮರುವಿಂಗಡಣೆಯ ನಕ್ಷೆಗೆ ಗೊತ್ತಾಗುವಂತಿರಲಿಲ್ಲ. ಹೀಗೆ 2008ರ ಹೊಚ್ಚಹೊಸ ಗೆರೆ, ಎಳೆದ ದಿನವೇ ಏಳು ವರ್ಷ ಹಳೆಯದಾಗಿತ್ತು. ಬೇರೆ ಊರಿನಲ್ಲಿ ಏಳು ವರ್ಷ ಲೆಕ್ಕಕ್ಕಿಲ್ಲ. ಕನಕಪುರ ರಸ್ತೆಯಲ್ಲಿ ಏಳು ವರ್ಷವೆಂದರೆ ಒಂದು ಯುಗ.

ಆಮೇಲೆ ನಡೆದದ್ದನ್ನು ಈ ಬಡಾವಣೆಯ ಮೊದಲ ಮನೆಗಳವರನ್ನು ಕೇಳಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಯಿತು. 198 ವಾರ್ಡುಗಳು, ಅಂಜನಾಪುರ ಅವುಗಳಲ್ಲಿ 196ನೆಯದು, ಹೆಚ್ಚುಕಡಿಮೆ ಪಟ್ಟಿಯ ಬಾಲ. ಬೀದಿ ಇತ್ತು, ಬೀದಿದೀಪ ಇರಲಿಲ್ಲ. ನಲ್ಲಿ ಇತ್ತು, ಕಾವೇರಿ ಇರಲಿಲ್ಲ. ಟ್ಯಾಂಕರಿನ ನಂಬರು ಬಾಯಿಪಾಠವಾಗಿದ್ದವರೇ ಇಲ್ಲಿನ ಹಳಬರು. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿಯಿಂದ ಮುಂದಕ್ಕೆ ಓಡಿತು: ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ, ಕೊನೆಗೆ ರೇಷ್ಮೆ ಸಂಸ್ಥೆ. ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಯ ಹೆಸರು ಹೊತ್ತ ಆ ಕೊನೆಯ ನಿಲ್ದಾಣಕ್ಕೆ ಯೋಜನೆಯ ಕಾಗದದಲ್ಲಿ ಮೊದಲಿದ್ದ ಹೆಸರು ಅಂಜನಾಪುರ ಟೌನ್‌ಶಿಪ್! ಮೆಟ್ರೊ ಬಂತು, ಹೆಸರು ಹೋಯಿತು. ಮೆಟ್ರೊ ಕಂಬದ ಹಿಂದೆ ಹಿಂದೆಯೇ ಅಪಾರ್ಟ್‌ಮೆಂಟು, ಅಪಾರ್ಟ್‌ಮೆಂಟಿನ ಹಿಂದೆ ಮತದಾರರು.

ಹಾಗಾಗಿ ಉತ್ತರಹಳ್ಳಿ ಎಂಬ ದೈತ್ಯನನ್ನು ಕೊಯ್ದು ಹಾಕಿದ ಹದಿನೈದೇ ವರ್ಷಕ್ಕೆ, ಅದೇ ಮಣ್ಣಿನಲ್ಲಿ, ಅದೇ ಉತ್ತರಹಳ್ಳಿ ವಾರ್ಡನ್ನೂ ಒಳಗಿಟ್ಟುಕೊಂಡು, ಇನ್ನೊಬ್ಬ ದೈತ್ಯ ಎದ್ದು ನಿಂತಿದ್ದಾನೆ. ರಕ್ತಬೀಜಾಸುರನ ಕಥೆ ಕೇಳಿದವರಿಗೆ ಇದು ಹೊಸದಲ್ಲ!

2023ರ ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಇದು ಎಷ್ಟು ವಿಚಿತ್ರ ಎಂದು ಗೊತ್ತಾಗುತ್ತದೆ. ಬೆಂಗಳೂರು ದಕ್ಷಿಣದಲ್ಲಿ ಕೃಷ್ಣಪ್ಪನವರಿಗೆ ಸುಮಾರು 1.96 ಲಕ್ಷ ಮತ, ಸೋತ ಕಾಂಗ್ರೆಸ್ಸಿನ ಆರ್.ಕೆ. ರಮೇಶ್ ಅವರಿಗೆ ಸುಮಾರು 1.46 ಲಕ್ಷ. ಅಂತರ ಹತ್ತಿರ ಹತ್ತಿರ ಐವತ್ತು ಸಾವಿರ. ಇಲ್ಲಿಂದ ಹಸಿರು ಮಾರ್ಗ ಹಿಡಿದು ಜಯನಗರದಲ್ಲಿ ಇಳಿಯಿರಿ. ಅದು 173ನೇ ಕ್ಷೇತ್ರ. ಅಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿಯವರಿಗೆ 57,797, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರಿಗೆ 57,781. ಹದಿನಾರು ಮತ! ಮೊದಲು ಸೌಮ್ಯಾ ಗೆದ್ದರೆಂಬ ಸುದ್ದಿ, ಪಟಾಕಿ. ಆಮೇಲೆ ಅಂಚೆ ಮತಗಳ ತಗಾದೆ, ಮರುಎಣಿಕೆ, ಎಣಿಕೆ ಕೇಂದ್ರದ ಹೊರಗೆ ಗದ್ದಲ. ಮಧ್ಯರಾತ್ರಿಯ ಹೊತ್ತಿಗೆ ರಾಮಮೂರ್ತಿಯವರ ಕೈಗೆ ಪ್ರಮಾಣಪತ್ರ. ಕಣದಲ್ಲಿ ಸೌಮ್ಯಾ ರೆಡ್ಡಿ ಎಂದೇ ಓದಿಸಿಕೊಳ್ಳುವ ಹೆಸರಿನ ಪಕ್ಷೇತರ ಅಭ್ಯರ್ಥಿಯೊಬ್ಬರೂ ಇದ್ದರು, ಅವರಿಗೆ ಮುನ್ನೂರಕ್ಕೂ ಹೆಚ್ಚು ಮತ ಬಿದ್ದಿತ್ತು ಎಂದರೆ ನೀವೇ ಊಹಿಸಿಕೊಳ್ಳಿ. ಈ ಜಯನಗರಕ್ಕೆ ನಾಟಕ ಹೊಸತೂ ಅಲ್ಲ. 2018ರಲ್ಲಿ ಮತದಾನಕ್ಕೆ ಒಂದು ವಾರ ಇರುವಾಗ ಬಿಜೆಪಿ ಅಭ್ಯರ್ಥಿ, ಆಗಿನ ಶಾಸಕ ಬಿ.ಎನ್. ವಿಜಯಕುಮಾರ್ ಪ್ರಚಾರದ ನಡುವೆಯೇ ಕುಸಿದು ತೀರಿಕೊಂಡು ಚುನಾವಣೆ ಮುಂದೂಡಲ್ಪಟ್ಟು, ಜೂನ್ 11ರಂದು ನಡೆದ ಮತದಾನದಲ್ಲಿ ಅವರ ತಮ್ಮ ಬಿ.ಎನ್. ಪ್ರಹ್ಲಾದ್ ಎದುರು ಇದೇ ಸೌಮ್ಯಾ 2,889 ಮತದಿಂದ ಗೆದ್ದಿದ್ದರು.

ಈಗ ಜಯನಗರದ ಮೊದಲ ಇಬ್ಬರ ಮತ ಕೂಡಿಸಿ: 1,15,578. ಬೆಂಗಳೂರು ದಕ್ಷಿಣದಲ್ಲಿ ಸೋತು ಮನೆಗೆ ಹೋದವರ ಮತ ಅದಕ್ಕಿಂತ ಮೂವತ್ತು ಸಾವಿರ ಜಾಸ್ತಿ! ಜಯನಗರದಲ್ಲಿ ಗೆದ್ದವರು, ಸೋತವರು ಇಬ್ಬರೂ ಸೇರಿದರೂ ಅಂಜನಾಪುರದ ಕಡೆ ಸೋತವರನ್ನು ಹಿಡಿಯಲಾಗದು. ಶೃಂಗೇರಿಯಲ್ಲೂ ಅದೇ ದಿನ ಉಸಿರು ಬಿಗಿಹಿಡಿಸುವ ಎಣಿಕೆ, ಟಿ.ಡಿ. ರಾಜೇಗೌಡರು ಡಿ.ಎನ್. ಜೀವರಾಜರನ್ನು ಸೋಲಿಸಿದ್ದು 201 ಮತದಿಂದ. ಹದಿನಾರಕ್ಕೆ, ಇನ್ನೂರೊಂದಕ್ಕೆ ಎದೆ ಹೊಡೆದುಕೊಳ್ಳುವ ಕ್ಷೇತ್ರಗಳಿರುವ ರಾಜ್ಯದಲ್ಲಿ, ನಮ್ಮಲ್ಲಿ ಪಟ್ಟಿಯಲ್ಲಿದ್ದೂ ಓಟು ಹಾಕಲು ಬಾರದವರ ಸಂಖ್ಯೆಯೇ ಲಕ್ಷಗಳಲ್ಲಿದೆ. ಮತ ಹಾಕಿದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಸೋಮಾರಿಗಳು ಎಂದು ಬೈಯುವುದು ಸುಲಭ, ಪ್ರತಿ ಚುನಾವಣೆಯ ಮರುದಿನ ಪತ್ರಿಕೆಗಳು ಅದನ್ನು ತಪ್ಪದೆ ಮಾಡುತ್ತವೆ. ನನಗೆ ಅಷ್ಟು ಧೈರ್ಯವಿಲ್ಲ. ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆಯ ಬೀದಿಯಲ್ಲೇ ಇರುತ್ತದೆ, ಊರಿನ ಪಟ್ಟಿಯಲ್ಲೂ ಇರುತ್ತದೆ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ತನ್ನ ಓಟಿನ ತೂಕ ಶೃಂಗೇರಿಯವರ ಓಟಿನ ಕಾಲುಭಾಗದಷ್ಟು ಎಂದು ಯಾರೂ ಹೇಳದಿದ್ದರೂ ಜನಕ್ಕೆ ಅದು ಹೇಗೋ ಗೊತ್ತಾಗಿಬಿಡುತ್ತದೆ.

ಇಷ್ಟಕ್ಕೇ ಬೆರಗು ಮುಗಿಯಿತೆಂದುಕೊಂಡರೆ, ಲೋಕಸಭೆಯ ನಕ್ಷೆ ಇನ್ನೂ ಬಿಚ್ಚಿಯೇ ಇಲ್ಲ!

ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರ ಇದೆ, ತೇಜಸ್ವಿ ಸೂರ್ಯ ಅಲ್ಲಿನ ಸಂಸದರು. ಜಯನಗರ, ಬಸವನಗುಡಿ, ಪದ್ಮನಾಭನಗರ, ಬಿಟಿಎಂ ಬಡಾವಣೆ, ಬೊಮ್ಮನಹಳ್ಳಿ ಎಲ್ಲ ಅದರೊಳಗೆ. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಅದರೊಳಗಿಲ್ಲ! ಇದು ಸೇರಿರುವುದು ಬೆಂಗಳೂರು ಗ್ರಾಮಾಂತರಕ್ಕೆ. ಮೆಟ್ರೊ ಇಳಿದು ಲಿಫ್ಟಿನಲ್ಲಿ ಹತ್ತನೇ ಮಹಡಿಗೆ ಹೋಗುವ ಮತದಾರ ಲೋಕಸಭೆಯ ಮಟ್ಟಿಗೆ ಗ್ರಾಮಾಂತರದವನು. ಅವನ ಜೊತೆ ಅದೇ ಸಂಸದರನ್ನು ಆರಿಸುವವರು ತುಮಕೂರು ಜಿಲ್ಲೆಯ ಕುಣಿಗಲ್ಲಿನವರು, ಕೆಂಪೇಗೌಡರ ಮಾಗಡಿಯವರು, ಬೊಂಬೆ ಕಡೆಯುವ ಚನ್ನಪಟ್ಟಣದವರು, ಗೂಡು ಮಾರುವ ರಾಮನಗರದವರು, ಕನಕಪುರ, ಆನೇಕಲ್, ರಾಜರಾಜೇಶ್ವರಿನಗರದವರು. ಎಂಟು ಕ್ಷೇತ್ರ, ಮೂರು ಜಿಲ್ಲೆ!

ಸಾಲದ್ದಕ್ಕೆ 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ನಾಮಕರಣವಾಯಿತು. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದು ಬೆಂಗಳೂರು ದಕ್ಷಿಣ ನಗರ ಪಾಲಿಕೆ ಬಂತು. ಅಂಜನಾಪುರದವರು ಅರ್ಜಿ ತುಂಬುವಾಗ ಗಮನವಿಟ್ಟು ಕೇಳಿ: ತಾಲ್ಲೂಕು ಬೆಂಗಳೂರು ದಕ್ಷಿಣ, ಹೌದು. ವಿಧಾನಸಭೆ ಬೆಂಗಳೂರು ದಕ್ಷಿಣ, ಹೌದು. ಪಾಲಿಕೆ ಬೆಂಗಳೂರು ದಕ್ಷಿಣ, ಹೌದು. ಲೋಕಸಭೆ ಬೆಂಗಳೂರು ದಕ್ಷಿಣವೇ? ಅಲ್ಲ, ಗ್ರಾಮಾಂತರ. ಜಿಲ್ಲೆ ಬೆಂಗಳೂರು ದಕ್ಷಿಣವೇ? ಅಲ್ಲವೇ ಅಲ್ಲ, ಬೆಂಗಳೂರು ನಗರ. ದಕ್ಷಿಣ ಎಂಬ ದಿಕ್ಕು ಇಲ್ಲಿನಷ್ಟು ಗಿರಗಿರ ತಿರುಗಿದ್ದು ಬೇರೆಲ್ಲೂ ಇರಲಾರದು.

ಈ ನಗರ-ಹಳ್ಳಿಯ ಗಂಟು ಹಳೆಯದೇ. 2009ಕ್ಕೆ ಮೊದಲು ಇದ್ದದ್ದು ಕನಕಪುರ ಲೋಕಸಭಾ ಕ್ಷೇತ್ರ, ಉತ್ತರಹಳ್ಳಿ ಅದರ ಎಂಟರಲ್ಲೊಂದು ಭಾಗ. ಎಂಟರಲ್ಲೊಂದು ಎಂದು ಕಾಗದದ ಮೇಲೆ. ಓಟಿನ ಲೆಕ್ಕದಲ್ಲಿ ಸಾತನೂರಿನಂಥ ಎರಡು ಮೂರನ್ನು ಕೂಡಿಸಿದರೂ ಉತ್ತರಹಳ್ಳಿಗೆ ಸಾಟಿಯಲ್ಲ. 2002ರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರರನ್ನು ಸೋಲಿಸಿದ ಮಾಜಿ ಪ್ರಧಾನಿ ದೇವೇಗೌಡರು, ಎರಡೇ ವರ್ಷಕ್ಕೆ, 2004ರಲ್ಲಿ, ಅದೇ ಕನಕಪುರದಲ್ಲಿ ಟಿವಿ ಪತ್ರಕರ್ತೆಯಾಗಿದ್ದ ತೇಜಸ್ವಿನಿಯವರ ಎದುರು ಸೋತರು. ಸೋತದ್ದಷ್ಟೇ ಅಲ್ಲ, ಮೂರನೇ ಸ್ಥಾನಕ್ಕೆ ಹೋದರು. ಎರಡನೆಯವರು ಬಿಜೆಪಿಯ ರಾಮಚಂದ್ರಗೌಡರು. ಗೌಡರ ಮಣ್ಣೆಂದು ಎಲ್ಲರೂ ಹೇಳುವ ಕನಕಪುರದ ಎಣಿಕೆಯ ಮೇಜಿನ ಮೇಲೆ ಬೆಂಗಳೂರಿನ ಬಡಾವಣೆಗಳ ಪೆಟ್ಟಿಗೆಗಳೂ ತೆರೆದುಕೊಳ್ಳುತ್ತಿದ್ದವು. ಇಪ್ಪತ್ತು ವರ್ಷದ ನಂತರ, 2024ರಲ್ಲಿ, ಬೆಂಗಳೂರು ಗ್ರಾಮಾಂತರದಲ್ಲಿ ಜಯದೇವ ಆಸ್ಪತ್ರೆಯ ಹೃದಯತಜ್ಞ ಡಾ. ಸಿ.ಎನ್. ಮಂಜುನಾಥ್ ಮೂರು ಸಲದ ಸಂಸದ ಡಿ.ಕೆ. ಸುರೇಶರನ್ನು 2,69,647 ಮತಗಳಿಂದ ಸೋಲಿಸಿದಾಗಲೂ, ನಗರದ ಕಡೆಯ ಲೀಡೇ ಬೆಟ್ಟದಷ್ಟಿತ್ತು.

ಒಂದು ಸಣ್ಣ ದಾರಿ ತಪ್ಪಿದ ಮಾತು. ನಮ್ಮ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲೊಂದಿದೆ. ಬೆಂಗಳೂರು ಎಂಬ ಊರಿನ ಹೆಸರು ಸಿಗುವ ಅತಿ ಹಳೆಯ ಬರಹ ಅದು, ಅದರಲ್ಲಿರುವುದು ಬೆಂಗಳೂರಿನಲ್ಲಿ ನಡೆದ ಒಂದು ಕಾಳಗದ ಸುದ್ದಿ. ಸಾವಿರದ ನೂರಕ್ಕೂ ಹೆಚ್ಚು ವರ್ಷ ಹಳೆಯ ಬೆಂಗಳೂರು ಮತ್ತು ಇಪ್ಪತ್ತೈದು ವರ್ಷದ ಅಂಜನಾಪುರ ಒಂದೇ ಮತದಾರರ ಪಟ್ಟಿಯಲ್ಲಿವೆ! ಬೇಗೂರಿನವರಿಗೆ ಇದು ಗೊತ್ತು. ಗೊಟ್ಟಿಗೆರೆ ದಾಟಿ ಈಚೆ ಬಂದವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಮತ್ತೆ ಲೆಕ್ಕಕ್ಕೆ. 2001ರಲ್ಲಿ ಕರ್ನಾಟಕದ ಜನಸಂಖ್ಯೆ 5 ಕೋಟಿ 28 ಲಕ್ಷ. 224ರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ ಜನ: ಮುದುಕರು, ಮಕ್ಕಳು, ತೊಟ್ಟಿಲ ಕೂಸು ಎಲ್ಲ ಸೇರಿ. ಆಯೋಗ ಕತ್ತರಿ ಹಿಡಿದದ್ದು ಈ ಅಳತೆ ನೋಡಿಕೊಂಡು. 2023ರಲ್ಲಿ ರಾಜ್ಯದ ಮತದಾರರೇ 5 ಕೋಟಿ 31 ಲಕ್ಷ! ಆಗಿನ ಒಟ್ಟು ಜನಕ್ಕಿಂತ ಈಗಿನ ಬರೀ ಮತದಾರರು ಹೆಚ್ಚು. ಸರಾಸರಿ 2.37 ಲಕ್ಷ ಮತದಾರರು. ಆ ಲೆಕ್ಕದಲ್ಲಿ ಬೆಂಗಳೂರು ದಕ್ಷಿಣದೊಳಗೆ ಎರಡೂವರೆ ಕ್ಷೇತ್ರ ಬಚ್ಚಿಟ್ಟುಕೊಂಡಿವೆ. ಒಂದೂವರೆ ಶಾಸಕರು ಇರಬೇಕಾದಲ್ಲಿ ಇಲ್ಲ! ಕಾರ್ಪೊರೇಟರುಗಳ ಸುದ್ದಿಯಂತೂ ಕೇಳಲೇಬೇಡಿ, 2015ರಲ್ಲಿ ಆರಿಸಿದವರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆ ಕುರ್ಚಿಯೇ ಖಾಲಿ. ಚರಂಡಿ ಕಟ್ಟಿದರೂ ಶಾಸಕರಿಗೇ ಫೋನು, ಆರು ಲಕ್ಷ ಜನರದ್ದು.

ಗೆರೆ ಮತ್ತೆ ಯಾವಾಗ ಅಲುಗುತ್ತದೆ? 2001ರಲ್ಲಿ ಆದ 84ನೇ ತಿದ್ದುಪಡಿ ಒಳಗಿನ ಗೆರೆಗಳನ್ನು ಒಮ್ಮೆ ತಿದ್ದಲು ಬಿಟ್ಟರೂ, ಸ್ಥಾನಗಳ ಮೇಲಿನ ಹಳೆಯ ಬೀಗವನ್ನು ಇನ್ನಷ್ಟು ಕಾಲ ಮುಂದುವರಿಸಿತು: 2026ರ ನಂತರ ನಡೆಯುವ ಮೊದಲ ಜನಗಣತಿಯವರೆಗೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೊನಾದಿಂದ ತಪ್ಪಿಹೋಯಿತು, ಈಗ ಎಣಿಕೆಗೆ ನಿಗದಿಯಾಗಿರುವ ದಿನ 2027ರ ಮಾರ್ಚ್ 1. 2026ನ್ನು ದಾಟಿದ ಎರಡೇ ತಿಂಗಳಿಗೆ! ಉತ್ತರದ ರಾಜ್ಯಗಳಿಗೆ ಲೋಕಸಭೆಯಲ್ಲಿ ಸ್ಥಾನ ಹೆಚ್ಚಿ ನಮಗೆ ಕಡಿಮೆಯಾಗುತ್ತದೆಂದು ದಕ್ಷಿಣದ ರಾಜ್ಯಗಳು ಕೂಗುತ್ತಿರುವುದು ಇದಕ್ಕೇ. ಕೂಗು ನ್ಯಾಯದ್ದೇ. ಆದರೆ ಅದೇ ತಕ್ಕಡಿಯನ್ನು ಕರ್ನಾಟಕದ ಒಳಗೆ ತಂದಿಟ್ಟಾಗ ಕಥೆ ತಿರುಗುಮುರುಗು: ಜನ ತುಂಬಿದ ಬೆಂಗಳೂರು ಇಲ್ಲಿ ಉತ್ತರಪ್ರದೇಶ, ಜನ ಖಾಲಿಯಾಗುತ್ತಿರುವ ಮಲೆನಾಡು, ಕೊಡಗು, ಕರಾವಳಿ ಇಲ್ಲಿ ದಕ್ಷಿಣ ಭಾರತ! ವಿಧಾನಸೌಧದಲ್ಲಿ ಕೂತು ದೆಹಲಿಗೆ ಪತ್ರ ಬರೆಯುವ ನಮ್ಮ ನಾಯಕರು, ಸೋಮವಾರಪೇಟೆಯಿಂದ ಹಾಗೇ ಒಂದು ಪತ್ರ ತಮಗೂ ಬರಬಹುದೆಂದು ನೆನೆಸಿಕೊಂಡಿದ್ದಾರೋ ಇಲ್ಲವೋ.

ಎಣಿಕೆಯವರು ಅಂಜನಾಪುರಕ್ಕೆ ಬಂದಾಗ ಈ ಸಲ ಕಲ್ಲು ನೆಟ್ಟ ಖಾಲಿ ಸೈಟುಗಳಿರುವುದಿಲ್ಲ, ಕಾಲಂ ಸಾಲದಷ್ಟು ಬಾಗಿಲುಗಳಿರುತ್ತವೆ. ಆದರೆ ಸ್ವಲ್ಪ ಆಚೆ, ಕನಕಪುರ ರಸ್ತೆಯ ಮುಂದಿನ ಹಳ್ಳಿಗಳಲ್ಲಿ, ಇವತ್ತು ಕಲ್ಲು ನೆಡುತ್ತಿರುವ ಬಡಾವಣೆಗಳು ಎಷ್ಟಿವೆ ನೋಡಿಕೊಂಡು ಬನ್ನಿ. ಅವು ಈ ಜನಗಣತಿಯಲ್ಲೂ ಸೊನ್ನೆ.